ಪ್ರತಿಕ್ರಿಯೆ: ಇಥಿಯೋಪಿಯನ್ ಏರ್‌ಲೈನ್ಸ್‌ನಲ್ಲಿ ಅಮ್ಮನನ್ನು ಕಳಿಸಬಹುದಾ?

ಅಮ್ಮನನ್ನು ಬೆಂಗಳೂರಿನಿಂದ ಅಡಿಸ್ ಅಬಾಬಾ ಮೇಲೆ ನೈರೋಬಿಗೆ ಕಳಿಸಬೇಕು, ಆದರೆ 2019ರ ಅಪಘಾತ ನೆನೆದರೆ ಭಯ ಅಂತ ಬರೆದಿದ್ದೀರಿ. ಭಯ ಸಹಜವೇ. ಮಾರ್ಚ್ 10ರಂದು ಬಿದ್ದದ್ದು ಅದೇ ಅಡಿಸ್-ನೈರೋಬಿ ವಿಮಾನ, 157 ಜನ ತೀರಿಕೊಂಡರು. ಆದರೆ ಅದು ಬೋಯಿಂಗ್ 737 ಮ್ಯಾಕ್ಸ್. ಒಂದು ಸೆನ್ಸರ್ ತಪ್ಪು ಲೆಕ್ಕ ಕೊಟ್ಟಿತು. ಅದನ್ನೇ ನಂಬಿದ ಸಾಫ್ಟ್‌ವೇರ್ ವಿಮಾನದ ಮೂತಿಯನ್ನು ಮತ್ತೆ ಮತ್ತೆ ಕೆಳಕ್ಕೆ ತಳ್ಳಿತು. ಇಂಡೋನೇಷ್ಯಾದ ಲಯನ್ ಏರ್ ವಿಮಾನ ಹೀಗೇ ಬಿದ್ದು ಆಗ ಐದು ತಿಂಗಳೂ ಆಗಿರಲಿಲ್ಲ. ಆಮೇಲೆ ಜಗತ್ತಿನಾದ್ಯಂತ ಮ್ಯಾಕ್ಸ್ ವಿಮಾನಗಳನ್ನು ನಿಲ್ಲಿಸಿ, ಸಾಫ್ಟ್‌ವೇರ್ ಬದಲಿಸಿದರು. ಸುಮ್ನೆ ಇಥಿಯೋಪಿಯನ್ ಕಂಪನಿಯನ್ನು ದೂರುವುದು ಅನ್ಯಾಯ ಅಲ್ವಾ?

ಹಾಗಂತ ಎಲ್ಲವೂ ಹಾಗಲ್ಲ. 2010ರಲ್ಲಿ ಲೆಬನಾನ್‌ನ ಬೈರೂತ್ ಬಳಿ ಇದೇ ಕಂಪನಿಯ ವಿಮಾನ ಬಿದ್ದು 90 ಜನ ಸತ್ತಾಗ ತನಿಖೆ ಪೈಲಟ್‌ಗಳ ತಪ್ಪನ್ನೇ ಎತ್ತಿ ಹೇಳಿತ್ತು. ಕಂಪನಿ ಅದನ್ನು ಒಪ್ಪಲಿಲ್ಲ.

ಇದು 1945ರಲ್ಲಿ ಅಮೆರಿಕದ ವಿಮಾನ ಕಂಪನಿ ಟಿಡಬ್ಲ್ಯೂಎ ನೆರವಿನಿಂದ ಹುಟ್ಟಿದ ಸರ್ಕಾರಿ ಕಂಪನಿ. ಮೊದಲ ಹಾರಾಟ ಮರುವರ್ಷ ಕೈರೋಗೆ. ಈಗ ಆಫ್ರಿಕಾದಲ್ಲೇ ದೊಡ್ಡದು, ಪೈಲಟ್ ತರಬೇತಿ ಶಾಲೆಯೂ ಸ್ವಂತದ್ದು. ನನ್ನ ತಾಯಿಯಾಗಿದ್ದರೆ ಧೈರ್ಯವಾಗಿ ಕಳಿಸುತ್ತಿದ್ದೆ.

ಗಾಲಿಕುರ್ಚಿ ಮತ್ತು ಸಸ್ಯಾಹಾರವನ್ನು ಟಿಕೆಟ್ ಜೊತೆಗೇ ಹೇಳಿಬಿಡಿ. ಅಡಿಸ್ ಸುಮಾರು 2,300 ಮೀಟರ್ ಎತ್ತರದಲ್ಲಿದೆ, ರಾತ್ರಿ ಚಳಿ ಜಾಸ್ತಿ. ಒಂದು ಶಾಲು ಕೈಚೀಲದಲ್ಲೇ ಇರಲಿ.