ಯೇಸುವಿನ ಜೀವನ ಹೇಳುವ ಬೈಬಲಿನ ನಾಲ್ಕು ಪುಸ್ತಕ, ಅಂದರೆ ಸುವಾರ್ತೆ, ಬರೆದವರೆಲ್ಲ ಅವನ ಭಕ್ತರೇ. ಹಾಗಿರುವಾಗ ಅದರಲ್ಲಿ ಇತಿಹಾಸ ಯಾವುದು ಎಂದು ವಿದ್ವಾಂಸರು ಹೇಗೆ ಹೇಳುತ್ತಾರೆ? ಅಷ್ಟಕ್ಕೂ ಯೇಸು ಎಂಬವನು ಇದ್ದನೇ?

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಾನು ಚರ್ಚಿನಲ್ಲೇ ಬೆಳೆದವನು. ಒಂದು ಭಾನುವಾರ ಮತ್ತಾಯ, ಇನ್ನೊಂದು ಭಾನುವಾರ ಲೂಕ ಎಂದು ಕೇಳಿ ಕೇಳಿ, ನಾಲ್ಕೂ ಸುವಾರ್ತೆ ಬೆರೆತು ಒಂದೇ ಕಥೆಯಾಗಿ ಮನಸ್ಸಿನಲ್ಲಿ ಕೂತಿತ್ತು. ಒಂದೇ ಪ್ರಸಂಗವನ್ನು ಪಕ್ಕಪಕ್ಕದಲ್ಲಿಟ್ಟು ಓದಿದ ಮೇಲೆಯೇ ನಾಲ್ಕು ಜನರ ದನಿ ಬೇರೆ ಬೇರೆಯಾಗಿ ಕೇಳಿಸಿದ್ದು.

ನೀವೂ ಯೇಸುವಿನ ದೀಕ್ಷಾಸ್ನಾನದ ಪ್ರಸಂಗ ತೆಗೆದು ನೋಡಿ: ಮಾರ್ಕ 1, ಮತ್ತಾಯ 3, ಲೂಕ 3, ಯೋಹಾನ 1. ನಾಲ್ಕರಲ್ಲಿ ಮಾರ್ಕನದೇ ಮೊದಲಿನದು, ಕ್ರಿ.ಶ. 70ರ ಆಸುಪಾಸಿನದು ಎಂಬುದು ಬಹುಪಾಲು ವಿದ್ವಾಂಸರ ಮತ. ಅಲ್ಲಿ ಮಾತು ನೇರ. ಯೇಸು ನಜರೇತಿನಿಂದ ಬಂದ, ಯೊರ್ದನ್ ಹೊಳೆಯಲ್ಲಿ ಸ್ನಾನಿಕ ಯೋಹಾನನಿಂದ (ಸುವಾರ್ತೆಯ ಯೋಹಾನ ಬೇರೆ) ಸ್ನಾನ ಮಾಡಿಸಿಕೊಂಡ. ಅದು ಪಾಪಕ್ಷಮೆಗಾಗಿ ಮಾಡಿಸಿಕೊಳ್ಳುವ ಸ್ನಾನ ಎಂದು ಕೆಲವೇ ಸಾಲು ಹಿಂದೆ ಮಾರ್ಕನೇ ಹೇಳಿದ್ದಾನೆ. ಹತ್ತಿಪ್ಪತ್ತು ವರ್ಷ ತಡವಾಗಿ ಬರೆದ ಮತ್ತಾಯನಿಗೆ ಅದನ್ನು ಹಾಗೆಯೇ ಬಿಡಲು ಮನಸ್ಸಾಗಲಿಲ್ಲ. ಅವನಲ್ಲಿ ಯೋಹಾನ ತಡೆಯುತ್ತಾನೆ. ನಿನ್ನಿಂದ ನಾನು ಮಾಡಿಸಿಕೊಳ್ಳಬೇಕಾಗಿರುವಾಗ ನೀನೇ ನನ್ನ ಹತ್ತಿರ ಬರುವುದೇ ಎನ್ನುತ್ತಾನೆ. ಲೂಕನದು ಬೇರೆ ದಾರಿ. ಗಲಿಲಾಯದ ಅಧಿಪತಿ ಹೆರೋದನು ಯೋಹಾನನನ್ನು ಸೆರೆಗೆ ಹಾಕಿಸಿದ್ದನ್ನು ಮೊದಲು ಹೇಳಿ ಮುಗಿಸಿ, ಆಮೇಲೆ ಯೇಸುವಿಗೂ ಸ್ನಾನವಾಯಿತು ಎನ್ನುತ್ತಾನೆ. ಮಾಡಿಸಿದ್ದು ಯಾರು ಎಂಬ ಮಾತೇ ಅಲ್ಲಿಲ್ಲ. ಕೊನೆಯದಾದ ಯೋಹಾನನ ಸುವಾರ್ತೆಯಲ್ಲಿ ಸ್ನಾನಿಕ ಯೋಹಾನ ಬಂದು ಸಾಕ್ಷಿ ಹೇಳುತ್ತಾನೆ, ಪಾರಿವಾಳದಂತೆ ಇಳಿದ ಆತ್ಮದ ಮಾತೂ ಬರುತ್ತದೆ, ಸ್ನಾನ ಮಾತ್ರ ಕಾಣುವುದಿಲ್ಲ.

ಈ ಮುಜುಗರವೇ ಇತಿಹಾಸಕಾರನಿಗೆ ಗಟ್ಟಿ ಸುಳಿವು. ತಮ್ಮ ಗುರುವನ್ನು ಇನ್ನೊಬ್ಬನ ಮುಂದೆ ತಲೆಬಾಗಿಸುವ ಘಟನೆಯನ್ನು ಭಕ್ತರು ತಾವಾಗಿ ಹೆಣೆಯುವುದು ಕಷ್ಟ. ಜನರಿಗೆ ಗೊತ್ತಿದ್ದ ಸಂಗತಿ, ಮುಚ್ಚಿಡುವಂತಿರಲಿಲ್ಲ, ಸಮಜಾಯಿಷಿ ಕೊಡಬೇಕಾಯಿತು. ರೋಮನ್ನರು ಶಿಲುಬೆಗೇರಿಸಿದ್ದರ ಬಗ್ಗೆಯೂ ಇದೇ ತರ್ಕ.

ಯೇಸು ಎಂಬವನು ಇದ್ದನೇ ಎಂದೂ ಕೇಳಿದ್ದೀರಿ. ಇದಕ್ಕೆ ಹೆಚ್ಚಿನವರು ರೋಮಿನ ಇತಿಹಾಸಕಾರ ಟಾಸಿಟಸ್‌ನನ್ನು ಕರೆತರುತ್ತಾರೆ. ರೋಮನ್ ಅಧಿಪತಿ ಪಿಲಾತನ ಕಾಲದಲ್ಲಿ ಕ್ರಿಸ್ತನಿಗೆ ಮರಣದಂಡನೆಯಾಯಿತು ಎಂದು ಅವನು ಸುಮಾರು 116ರಲ್ಲಿ ಬರೆದ. ಯೆಹೂದಿ ಇತಿಹಾಸಕಾರ ಜೋಸೆಫಸ್‌ನ ಗ್ರಂಥದಲ್ಲೂ ಯೇಸುವಿನ ಪ್ರಸ್ತಾಪ ಎರಡು ಕಡೆ ಇದೆ. ಒಂದರಲ್ಲಿ ಕ್ರೈಸ್ತ ಲಿಪಿಕಾರರು ಸೇರಿಸಿದ ಪ್ರಕ್ಷಿಪ್ತ ಮಾತುಗಳಿವೆ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ನನಗಂತೂ ಇವರಿಬ್ಬರಿಗಿಂತ ಕ್ರೈಸ್ತರ ಮೊದಲ ತಲೆಮಾರಿನ ಪ್ರಚಾರಕ ಪೌಲನ ಒಂದು ಮಾತು ಬಲವಾದ ಸಾಕ್ಷ್ಯ. 50ರ ದಶಕದಲ್ಲಿ ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ಯೆರೂಸಲೇಮಿನಲ್ಲಿ ಕೇಫನ (ಯೇಸುವಿನ ಶಿಷ್ಯ ಪೇತ್ರನ) ಸಂಗಡ 15 ದಿನ ಇದ್ದೆ, ಕರ್ತನ ಸಹೋದರ ಯಾಕೋಬನನ್ನೂ ಕಂಡೆ ಎನ್ನುತ್ತಾನೆ. ಒಡಹುಟ್ಟಿದವನನ್ನು ಕಣ್ಣಾರೆ ಕಂಡವನ ಮಾತು ಅದು, ಅದೂ ಬೇರೊಂದು ವಾದದ ನಡುವೆ ಬಂದದ್ದು.

ಹಾಗೆಂದು ಎಲ್ಲವೂ ಹೊಂದಿಕೊಳ್ಳುತ್ತದೆ ಎಂದು ನಾನು ಹೇಳಲಾರೆ. ಮತ್ತಾಯನ ಪ್ರಕಾರ ಯೇಸು ಹುಟ್ಟಿದ್ದು ಯೆಹೂದದ ಅರಸ ಹಿರಿಯ ಹೆರೋದ ಬದುಕಿದ್ದಾಗ. ಅವನು ಸತ್ತದ್ದು ಕ್ರಿ.ಪೂ. 4ರಲ್ಲಿ ಎಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಲೂಕನ ಪ್ರಕಾರ ಹುಟ್ಟಿದ್ದು ಸಿರಿಯದ ರೋಮನ್ ಅಧಿಪತಿ ಕುರೇನ್ಯನ ಜನಗಣತಿಯ ವೇಳೆ, ಅದು ನಡೆದದ್ದು ಕ್ರಿ.ಶ. 6ರಲ್ಲಿ. ಈ ಅಂತರವನ್ನು ಮುಚ್ಚಲು ಏನೇನೋ ಕಸರತ್ತು ಮಾಡಿದವರಿದ್ದಾರೆ, ನನಗೆ ಯಾವುದೂ ಒಪ್ಪಿಗೆಯಾಗಿಲ್ಲ.

ಒಂದೊಂದೇ ವಾಕ್ಯವನ್ನು ಜರಡಿ ಹಿಡಿಯುವ ಕೆಲಸದಲ್ಲೂ ನನಗೆ ಈಗ ಅಷ್ಟು ನಂಬಿಕೆ ಉಳಿದಿಲ್ಲ. ಅಮೆರಿಕದಲ್ಲಿ 1985ರಲ್ಲಿ ರಾಬರ್ಟ್ ಫಂಕ್ ಕಟ್ಟಿದ ಜೀಸಸ್ ಸೆಮಿನಾರ್‌ನ ವಿದ್ವಾಂಸರು ಯೇಸುವಿನ ಒಂದೊಂದು ಮಾತಿಗೂ ಬಣ್ಣದ ಮಣಿ ಹಾಕಿ ಮತ ಕೊಟ್ಟರು: ಖಂಡಿತ ಅವನದೇ ಎಂದಾದರೆ ಕೆಂಪು, ಇರಬಹುದು ಎಂದಾದರೆ ಗುಲಾಬಿ, ಆಮೇಲೆ ಬೂದು, ಅಲ್ಲವೇ ಅಲ್ಲ ಎಂದಾದರೆ ಕಪ್ಪು. ಎರಡು ಸಾವಿರ ವರ್ಷ ಹಿಂದಿನ ಮಾತನ್ನು, ಅದೂ ಯೇಸು ಆಡುತ್ತಿದ್ದ ಅರಮೇಯಿಕ್‌ನಿಂದ ಗ್ರೀಕಿಗೆ ಬಂದದ್ದನ್ನು, ಅಷ್ಟು ನಿಖರವಾಗಿ ತೂಗಲು ಆಗುತ್ತದೆಯೇ? ಅಮೆರಿಕದ ಬೈಬಲ್ ವಿದ್ವಾಂಸ ಡೇಲ್ ಆಲಿಸನ್ ಅವರ ದಾರಿ ನನಗೆ ಹೆಚ್ಚು ಸರಿ ಕಾಣುತ್ತದೆ. ನೆನಪಿನಲ್ಲಿ ನಿಖರ ಪದಗಳು ಅಳಿಸಿಹೋದರೂ ಒಟ್ಟು ಚಹರೆ ಉಳಿಯುತ್ತದೆ, ಆದ್ದರಿಂದ ಬೇರೆ ಬೇರೆ ಮೂಲಗಳಲ್ಲಿ ಮತ್ತೆ ಮತ್ತೆ ಬರುವುದನ್ನು ಹಿಡಿಯಿರಿ ಎನ್ನುತ್ತಾರೆ ಅವರು. ಹಾಗೆ ಓದಿದರೆ ದೇವರ ರಾಜ್ಯ ಹತ್ತಿರ ಬಂತು ಎಂದು ಸಾರುತ್ತ, ಸಾಮ್ಯ ಎಂಬ ದೃಷ್ಟಾಂತ ಕಥೆಗಳನ್ನು ಹೇಳುತ್ತ, ಜನ ಹೀಗಳೆಯುತ್ತಿದ್ದ ಸುಂಕದವರ ಪಂಕ್ತಿಯಲ್ಲಿ ಊಟಕ್ಕೆ ಕೂತ ಒಬ್ಬ ಗಲಿಲಾಯದವನು ಕಾಣುತ್ತಾನೆ. ಅವನನ್ನು ಇತಿಹಾಸದ ಯೇಸು ಎನ್ನಲು ನನಗೆ ಹಿಂಜರಿಕೆಯಿಲ್ಲ.