ಆಫ್ ಮಾಡಿದರೂ ಪೆಟ್ರೋಲ್ ಕಾಕ್ ಹನಿಯುವುದು

ಹಳೆ ಬೈಕಿನ ಕಾಕ್ (ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿ) ಆಫ್‌ನಲ್ಲಿದ್ದರೂ ಲಿವರ್ ಸಂದಿಯಿಂದ ಹನಿಯುತ್ತಿದೆ ಅಂದರೆ, ಹೆಚ್ಚಾಗಿ ಒಳಗಿನ ನಾಲ್ಕು ತೂತಿನ ರಬ್ಬರ್ ವಾಷರ್ ಗಟ್ಟಿಯಾಗಿದೆ. ಲಿವರ್‌ನ ಓ-ರಿಂಗ್ (ರಬ್ಬರ್ ಬಳೆ) ಕೂಡ ಹೋಗಿರಬಹುದು. ಎರಡನ್ನೂ ಒಟ್ಟಿಗೇ ಬದಲಿಸಿ. ಮೊದಲು ಒರೆಸಿ ನೋಡಿ: ಟ್ಯಾಂಕಿಗೆ ಕೂರುವ ಜಾಗದಲ್ಲಿ ಒದ್ದೆಯಾದರೆ ಅಲ್ಲಿನ ಸೀಲ್ ಹೋಗಿದೆ.

ಎಂಜಿನ್ ತಣ್ಣಗಾದ ಮೇಲೆ, ಬೆಂಕಿಯಿಂದ ದೂರ, ಬಯಲಿನಲ್ಲಿ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಲಿವರ್ ತಗಡಿನ 2 ಸ್ಕ್ರೂ ಬಿಚ್ಚಿ. ಅಲೆಯಾಕಾರದ ಸ್ಪ್ರಿಂಗ್ ವಾಷರ್ ಯಾವ ಕಡೆಗಿತ್ತೆಂದು ಫೋಟೋ ತೆಗೆದಿಡಿ. ಲಿವರ್ ಮುಖದಲ್ಲಿ ಗೀರಿದ್ದರೆ, ಗಾಜಿನ ಮೇಲೆ 1000 ನಂಬರ್ ಮರಳು ಕಾಗದ ಇಟ್ಟು ಹಗುರವಾಗಿ ಉಜ್ಜಿ. ಹೊಸ ರಬ್ಬರ್ ಕೂರಿಸಿ, ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಜೋರು ಮಾಡಿದರೆ ಮೆತ್ತನೆ ಲೋಹದ ಥ್ರೆಡ್ ಕಿತ್ತುಬರುತ್ತದೆ. ಸಿಲಿಕೋನ್ ಗಮ್ ಮಾತ್ರ ಬೇಡವೇ ಬೇಡ, ಪೆಟ್ರೋಲಿಗೆ ಉಬ್ಬಿ ಚೂರು ಕಾರ್ಬುರೇಟರ್ ಸೇರುತ್ತದೆ.

ತಗಡಿಗೆ ಸ್ಕ್ರೂ ಬದಲು ರಿವೆಟ್ ಹೊಡೆದಿದ್ದರೆ ಇಡೀ ಕಾಕ್ ಬದಲಿಸಿ. ಕೊನೆಗೆ ಟ್ಯಾಂಕಿಗೆ ಅರ್ಧ ಲೀಟರ್ ಪೆಟ್ರೋಲ್ ಹಾಕಿ, ಕೆಳಗೆ ಒಣ ಕಾಗದ ಇಟ್ಟು ಅರ್ಧ ಗಂಟೆ ನೋಡಿ, ಆಮೇಲೆ ಸ್ಟಾರ್ಟ್ ಮಾಡಿ.