ಭೂಶಾಖದ ಬಾವಿಯಲ್ಲಿ ಕೇಸಿಂಗ್ ಸುತ್ತ ಸಿಮೆಂಟ್ ಅರ್ಧಕ್ಕೇ ನಿಂತರೆ ಸರಿಪಡಿಸುವುದು ಹೇಗೆ?

ನಮ್ಮ ಮಂಡ್ಯದ ಕಡೆ ಬೋರ್‌ವೆಲ್‌ಗೆ ಗಟ್ಟಿ ಬಂಡೆ ಸಿಗೋವರೆಗೆ ಕೇಸಿಂಗ್ ಇಳಿಸಿ, ಸುತ್ತಲ ಸಂದಿಗೆ ಒಂದಿಷ್ಟು ಮಣ್ಣು ತಳ್ಳಿ ಲಾರಿ ಹೊರಟುಬಿಡುತ್ತೆ. ಮಳೆಯ ಮಾರನೇ ದಿನ ನಲ್ಲಿಯಲ್ಲಿ ಕೆಂಪು ನೀರು ಬಂದಾಗಲೇ ನಮಗೆ ಆ ಸಂದಿಯ ನೆನಪು.

ಭೂಶಾಖದ ಬಾವಿಯಲ್ಲಿ, ಅಂದರೆ ನೆಲದಾಳದ ಬಿಸಿಯನ್ನು ಮೇಲೆ ತರುವ ಬಾವಿಯಲ್ಲಿ, ಅಷ್ಟಕ್ಕೇ ಮುಗಿಯಲ್ಲ. ಒಂದರೊಳಗೊಂದು ಇಳಿಸಿದ ಎರಡು ಕೇಸಿಂಗ್‌ಗಳ ನಡುವೆ ಸಿಮೆಂಟಿಲ್ಲದ ಕಡೆ ನೀರು ಸಿಕ್ಕಿಕೊಂಡರೆ, ಬಾವಿ ಕಾದಾಗ ಆ ನೀರು ಹಿಗ್ಗುತ್ತೆ. ಹೋಗಲು ದಾರಿಯಿಲ್ಲದೆ ಒಳಗಿನ ಉಕ್ಕಿನ ಕೊಳವೆಯನ್ನೇ ನುಜ್ಜುಗುಜ್ಜು ಮಾಡುತ್ತೆ. ಸಂದಿಯ ತಳದಿಂದ ಏರಬೇಕಾದ ಸಿಮೆಂಟ್ ಮೇಲಕ್ಕೆ ಬರದಿರಲು ಸಾಮಾನ್ಯ ಕಾರಣ, ಬಿರುಕುಬಿಟ್ಟ ಬಂಡೆ ಅದನ್ನು ಕುಡಿದುಬಿಡುವುದು.

ಕೊರತೆ ಮೇಲ್ಭಾಗದಲ್ಲಿದ್ದರೆ ಸಂದಿಯೊಳಗೆ ಸಣ್ಣ ಪೈಪ್ ಇಳಿಸಿ ಸಿಮೆಂಟ್ ಹಾಕುತ್ತಾರೆ. ಇದೇ ‘ಟಾಪ್ ಜಾಬ್’. ಪೈಪಿನ ತುದಿ ಹಳೆಯ ಸಿಮೆಂಟಿನ ತಲೆ ಮುಟ್ಟಬೇಕು. ಆಗ ತಳದಿಂದ ತುಂಬುತ್ತಾ ನೀರು ಮೇಲೆದ್ದು ಹೊರಬೀಳುತ್ತೆ. ಸುಮ್ಮನೆ ಮೇಲಿಂದ ಸುರಿದರೆ ನೀರಿಗೆ ಮುಚ್ಚಳ ಹಾಕಿದಂತೆ, ಮೊದಲಿಗಿಂತ ಕೆಟ್ಟದ್ದು.

ಆಳದಲ್ಲಿದ್ದರೆ ಶಬ್ದತರಂಗದ ಲಾಗ್‌ನಿಂದ (ಬಾವಿಯುದ್ದಕ್ಕೂ ಅಳೆದ ದಾಖಲೆ) ಜಾಗ ಹುಡುಕಿ, ಕೇಸಿಂಗ್‌ಗೆ ತೂತು ಹೊಡೆದು, ಒತ್ತಡದಲ್ಲಿ ಸಿಮೆಂಟ್ ನುಗ್ಗಿಸಬೇಕು. ‘ಸ್ಕ್ವೀಜ್’ ಅನ್ನುತ್ತಾರೆ. ತೂತಾದ ಕೇಸಿಂಗ್ ದುರ್ಬಲ, ಹಾಗಾಗಿ ನನ್ನ ಮಟ್ಟಿಗೆ ಇದು ಕೊನೆಯ ದಾರಿ.

ಹಾಂ, ಮಾಮೂಲಿ ಸಿಮೆಂಟ್ ಸುಮಾರು 110 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳುತ್ತೆ. ರಿಪೇರಿಯ ಸಿಮೆಂಟಿಗೂ ತೂಕದ 35–40% ಸಿಲಿಕಾ ಪುಡಿ ಬೆರೆಸಲೇಬೇಕು.